ಸಾಮಾನ್ಯರ ಹುಟ್ಟು ಸಾವುಗಳ ಲೆಕ್ಕ

ಚರಿತ್ರೆಯ ಪುಸ್ತಕವನ್ನು ತೆರೆದರೆ ನಮಗೆ ಮೊದಲು ಕಾಣುವವರು ಅರಸರು, ಸೇನಾಪತಿಗಳು, ಮಂತ್ರಿಗಳು. ಗದ್ವಾಲದ ಕೋಟೆಯನ್ನು ಕಟ್ಟಿಸಿದ ಸೋಮಭೂಪಾಲನ ಹೆಸರನ್ನು ನಮ್ಮ ಪ್ರಾಂತದ ಮಕ್ಕಳೆಲ್ಲರೂ ಬಲ್ಲರು. ಆ ಕೋಟೆಗೆ ಕಲ್ಲು ಹೊತ್ತವರು, ಸುಣ್ಣ ಅರೆದವರು, ಅವರಿಗೆ ರೊಟ್ಟಿ ಬುತ್ತಿ ಕಟ್ಟಿಕೊಟ್ಟವರು ಯಾರೆಂಬುದನ್ನು ಯಾವ ಪುಸ್ತಕವೂ ಹೇಳುವದಿಲ್ಲ. ಗದ್ವಾಲದ ಸೀರೆಗೆ ಲೋಕದಲ್ಲೆಲ್ಲ ಹೆಸರುಂಟು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಕೂಡಿಸುವ ವಿದ್ಯೆಯನ್ನು ಮೊದಲು ಸಾಧಿಸಿದ ನೇಕಾರನಿಗೆ ಹೆಸರಿಲ್ಲ. ಹಾಗಾದರೆ ಸಾಮಾನ್ಯ ಜನರು ಹುಟ್ಟಿದ್ದು, ಬಾಳಿದ್ದು, ಸತ್ತದ್ದು ಎಲ್ಲಿಯೂ ಬರೆದಿಡಲ್ಪಟ್ಟಿಲ್ಲವೇ? ಬರೆದಿಟ್ಟಲ್ಲಿ ಅದರಿಂದ ಪ್ರಯೋಜನವೇನು? ಬರೆಯದೆ ಬಿಟ್ಟಲ್ಲಿ ಹಾನಿಯೇನು? ಈ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮತ್ತು ಪಾಲಕರ ಮುಂದಿಟ್ಟು, ನಮಗೆ ತಿಳಿದ ಮಟ್ಟಿಗೆ ಉತ್ತರವನ್ನು ವಿವರಿಸುವದು ಈ ಲೇಖನದ ಉದ್ದೇಶವಾಗಿದೆ.

ನಮ್ಮ ನಾಡಿನಲ್ಲಿ ಸಾಮಾನ್ಯರ ಮರಣವನ್ನು ದಾಖಲಿಸಿದ ಅತಿ ಹಳೆಯ ಸಾಧನವೆಂದರೆ ಕಲ್ಲು. ಊರ ಅಗಸೆಯ ಬಳಿಯಲ್ಲಿಯೋ, ಕೆರೆಯ ಏರಿಯ ಮೇಲೆಯೋ, ಹಾಳುಗುಡಿಯ ಮಗ್ಗುಲಲ್ಲಿಯೋ ನಿಂತಿರುವ ವೀರಗಲ್ಲುಗಳನ್ನು ಕನ್ನಡ ನಾಡಿನಲ್ಲಿ ಎಲ್ಲೆಡೆಯೂ ಕಾಣಬಹುದು. ಅವುಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತುಗಳಿರುತ್ತವೆ. ಕೆಳಗಿನದರಲ್ಲಿ ವೀರನು ಕಾದುತ್ತಿರುವ ಚಿತ್ರ; ನಡುವಣದರಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುವ ಚಿತ್ರ; ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವ ಚಿತ್ರ. ತುದಿಯಲ್ಲಿ ಸೂರ್ಯ ಚಂದ್ರರಿರುತ್ತಾರೆ. ಅವರಿರುವವರೆಗೆ ಈ ಹೆಸರು ಇರಲಿ ಎಂಬುದು ಅದರ ಅರ್ಥ. ಇವರಲ್ಲಿ ಅನೇಕರು ದೊಡ್ಡ ಯುದ್ಧಗಳಲ್ಲಿ ಮಡಿದವರಲ್ಲ. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ತಡೆಯಲು ಹೋದವರು, ಹುಲಿಯೊಡನೆ ಹೋರಾಡಿದವರು, ಗಡಿಯ ಜಗಳದಲ್ಲಿ ಬಿದ್ದವರು.

ಇಂತಹ ಕಲ್ಲುಗಳಿಂದ ಎಷ್ಟು ದೊಡ್ಡ ಸಂಗತಿಗಳು ಹೊರಬೀಳುವವೆಂಬುದಕ್ಕೆ ಎರಡು ಉದಾಹರಣೆಗಳು ಸಾಕು. ಬೇಗೂರಿನಲ್ಲಿರುವ ಸುಮಾರು ಕ್ರಿ. ಶ. ೯೦೦ರ ವೀರಗಲ್ಲೊಂದು ಬೆಂಗಳೂರಿನ ಕಾಳಗದಲ್ಲಿ ಬುಟ್ಟಣಸೆಟ್ಟಿಯೆಂಬವನು ಸತ್ತನೆಂದು ತಿಳಿಸುತ್ತದೆ. ಇಂದಿನ ಮಹಾನಗರದ ಹೆಸರು ನಮಗೆ ಮೊದಲು ದೊರೆಯುವದು ಹೀಗೆ ಒಬ್ಬನ ಮರಣದ ಸುದ್ದಿಯಲ್ಲಿ! ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಸುಮಾರು ಕ್ರಿ. ಶ. ೯೪೯-೫೦ರದು. ಅದರಲ್ಲಿ ಕಾಳಿ ಎಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತ ಸಂಗತಿಯಿದೆ. ನಾಯಿ ಹಂದಿಗಳ ಚಿತ್ರವೂ ಇದೆ. ಸಾವಿರ ವರ್ಷಗಳ ಹಿಂದಿನ ನಾಯಿಯೊಂದರ ಹೆಸರು ನಮಗೆ ತಿಳಿದಿದೆ. ಅದೇ ಊರಿನಲ್ಲಿ ಆ ವರ್ಷ ಜ್ವರದಿಂದ ಸತ್ತ ಕೂಲಿಯವನ ಹೆಸರಾಗಲಿ, ಹೆರಿಗೆಯಲ್ಲಿ ತೀರಿಕೊಂಡ ತಾಯಿಯ ಹೆಸರಾಗಲಿ ತಿಳಿದಿಲ್ಲ. ಕಲ್ಲು ಅಸಾಧಾರಣವಾದ ಸಾವನ್ನು ಮಾತ್ರ ನೆನಪಿಟ್ಟಿತು.

ಕಲ್ಲು ಮರೆತವರನ್ನು ನಾಲಿಗೆಯು ನೆನಪಿಟ್ಟಿತು. ಕನ್ನಡ ಸೀಮೆಯಲ್ಲಿ ಹೆಳವರೆಂಬ ಜನರಿದ್ದಾರೆ. ಎತ್ತಿನ ಮೇಲೆ ಕುಳಿತು ಊರೂರು ತಿರುಗುತ್ತ, ಕೆಲವು ವರ್ಷಗಳಿಗೊಮ್ಮೆ ಒಕ್ಕಲು ಮನೆತನಗಳ ಬಾಗಿಲಿಗೆ ಬಂದು, ಆ ಮನೆತನದ ಮೂಲಪುರುಷ ಯಾರು, ಯಾವ ಊರಿನಿಂದ ಬಂದರು, ಯಾರಿಗೆ ಎಷ್ಟು ಮಕ್ಕಳು ಎಂಬುದನ್ನು ಹಾಡಿನಂತೆ ಹೇಳುವದು ಅವರ ವೃತ್ತಿ. ಹಳೆಯದನ್ನು ಹೇಳಿ, ತಾವು ಹಿಂದೆ ಬಂದು ಹೋದ ಮೇಲೆ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಂಡು, ಧಾನ್ಯ ಬಟ್ಟೆಗಳನ್ನು ಪಡೆದು ಮುಂದಿನ ಊರಿಗೆ ಹೋಗುವರು. ತೆಲುಗು ಸೀಮೆಯಲ್ಲಿ ಇದೇ ಕೆಲಸವನ್ನು ಮಾಡುವವರಿಗೆ ಪಿಚ್ಚಿಗುಂಟ್ಲವರೆಂದು ಹೆಸರು. ವಂಶರಾಜರೆಂದೂ ಅವರನ್ನು ಕರೆಯುವರು. ಎರಡು ಭಾಷೆಗಳು ಕೂಡುವ ನಮ್ಮ ಸೀಮೆಯವರು ಈ ಎರಡು ಹೆಸರುಗಳನ್ನೂ ತಿಳಿದಿರತಕ್ಕದ್ದು. ಆದರೆ ಈ ಸಂಪ್ರದಾಯದಲ್ಲಿಯೂ ಒಂದು ಕೊರತೆಯುಂಟು. ಹೊಲಮನೆಗಳುಳ್ಳವರ ವಂಶಾವಳಿಯೇ ಅಲ್ಲಿ ಹೆಚ್ಚಾಗಿ ಉಳಿಯಿತು. ಕೊಡಲು ಧಾನ್ಯವಿಲ್ಲದವನ ವಂಶವನ್ನು ಹಾಡುವವರಿರಲಿಲ್ಲ.

ಕಾಗದದ ಮೇಲಿನ ಲೆಕ್ಕವು ನಮ್ಮಲ್ಲಿಗೆ ತಡವಾಗಿ ಬಂದಿತು. ಹೈದರಾಬಾದ್ ಸಂಸ್ಥಾನದಲ್ಲಿ ಮೊದಲ ಜನಗಣತಿಯಾದದ್ದು ೧೮೮೧ರಲ್ಲಿ. ಆಗ ಗದ್ವಾಲವು ನಿಜಾಮರ ಅಧೀನದ ಒಂದು ಸಂಸ್ಥಾನವಾಗಿತ್ತು. ಹಳ್ಳಿಯ ಲೆಕ್ಕಪತ್ರಗಳು ಪಟವಾರಿಯ ಕೈಯಲ್ಲಿದ್ದವು, ಸರಕಾರದ ಭಾಷೆ ಉರ್ದು, ವರ್ಷವು ಫಸಲಿ. ಮನೆಯಲ್ಲಿ ಹಳೆಯ ಕಾಗದಗಳಿದ್ದವರು ಒಂದು ಸೂತ್ರವನ್ನು ನೆನಪಿಡಬೇಕು. ಹೈದರಾಬಾದಿನ ಫಸಲಿ ವರ್ಷಕ್ಕೆ ೫೯೦ ಅಥವಾ ೫೯೧ನ್ನು ಕೂಡಿಸಿದರೆ ಕ್ರಿಸ್ತ ಶಕದ ವರ್ಷ ದೊರೆಯುತ್ತದೆ. ಫಸಲಿ ೧೩೫೮ ಎಂದರೆ ೧೯೪೮-೪೯. ೧೯೫೬ರ ನವೆಂಬರ್ ೧ರವರೆಗೆ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ಆ ದಿನ ರಾಯಚೂರು ಮೈಸೂರು ರಾಜ್ಯಕ್ಕೂ, ಈ ಎರಡು ತಾಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೂ ಸೇರಿದವು. ೨೦೧೪ರಲ್ಲಿ ತೆಲಂಗಾಣ ರಾಜ್ಯವಾಯಿತು. ೨೦೧೬ರಲ್ಲಿ ಜೋಗುಲಾಂಬ ಗದ್ವಾಲ ಜಿಲ್ಲೆಯಾಯಿತು. ಹೀಗೆ ಮಲ್ದಕಲ್ಲಿನ ಒಬ್ಬ ವೃದ್ಧನು ತಾನು ಹುಟ್ಟಿದ ಮನೆಯಿಂದ ಕದಲದೆಯೇ ಮೂರು ರಾಜ್ಯಗಳ, ಮೂರು ಜಿಲ್ಲೆಗಳ ಪ್ರಜೆಯಾಗಿರುವದು ಸಾಧ್ಯ.

ಬರವಣಿಗೆಯಿಲ್ಲದಲ್ಲಿ ಜನರು ಕಾಲವನ್ನು ಹೇಗೆ ಎಣಿಸಿದರು? ಕಷ್ಟಗಳಿಂದ ಎಣಿಸಿದರು. ಧಾತು ಈಶ್ವರ ಸಂವತ್ಸರಗಳ ಬರವೆಂದರೆ ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮ. ದಖ್ಖನಿನಲ್ಲೆಲ್ಲ ಅದು ಹಬ್ಬಿ, ಹಳ್ಳಿಗೆ ಹಳ್ಳಿಯೇ ಬರಿದಾದುವು. ಆ ಬಳಿಕ ಪ್ಲೇಗು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ದಿನ ಕಳೆದರು. ೧೯೧೮ರಲ್ಲಿ ಇನ್‌ಫ್ಲುಯೆಂಜಾ ಜ್ವರ ಬಂದು ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಕೊಂಡೊಯ್ದಿತು. ಹೈದರಾಬಾದ್ ಸಂಸ್ಥಾನದ ಜನಸಂಖ್ಯೆಯು ೧೯೧೧ರಲ್ಲಿ ಸುಮಾರು ೧ ಕೋಟಿ ೩೩ ಲಕ್ಷವಿದ್ದದ್ದು, ೧೯೨೧ರಲ್ಲಿ ಸುಮಾರು ೧ ಕೋಟಿ ೨೪ ಲಕ್ಷಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಹುಟ್ಟಿದವರೆಲ್ಲರನ್ನು ಕೂಡಿಸಿದ ಮೇಲೆಯೂ ಒಂಬತ್ತು ಲಕ್ಷ ಕಡಿಮೆ! ಆ ಕಾಲದಲ್ಲಿ ಭಾರತೀಯನ ಸರಾಸರಿ ಆಯುಸ್ಸು ಸುಮಾರು ೨೦ ವರ್ಷಗಳೆಂದು ಲೆಕ್ಕ ಹಾಕಿದ್ದಾರೆ. ಇಂದು ಅದು ೭೦ರ ಸಮೀಪದಲ್ಲಿದೆ. ಇದರ ಅರ್ಥ ಅಂದು ಎಲ್ಲರೂ ಇಪ್ಪತ್ತಕ್ಕೆ ಸಾಯುತ್ತಿದ್ದರೆಂದಲ್ಲ. ಎಪ್ಪತ್ತು ದಾಟಿದ ಮುದುಕರು ಅಂದೂ ಇದ್ದರು. ತೊಟ್ಟಿಲಲ್ಲಿಯೇ ಹೋದ ಅಸಂಖ್ಯ ಮಕ್ಕಳ ಆಯುಸ್ಸನ್ನು ಅವರ ಆಯುಸ್ಸಿನೊಡನೆ ಕೂಡಿಸಿ ಭಾಗಿಸಿದಾಗ ಸರಾಸರಿಯು ಅಷ್ಟು ಕೆಳಗಿಳಿಯುತ್ತದೆ. ಗಣಿತದ ಸರಾಸರಿಯೊಳಗೆ ಎಷ್ಟು ತಾಯಂದಿರ ಕಣ್ಣೀರು ಅಡಗಿರುವದೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಸಾವನ್ನು ಎಣಿಸಿದರೆ ಸತ್ತವರು ಮರಳಿ ಬರುವರೇ ಎಂದು ಕೆಲವರು ಕೇಳಬಹುದು. ಬರುವದಿಲ್ಲ; ಆದರೆ ಬದುಕಿರುವವರು ಉಳಿಯುವರು. ಲಂಡನ್ನಿನ ವ್ಯಾಪಾರಿಯಾದ ಜಾನ್ ಗ್ರಾಂಟ್ ಎಂಬವನು ಆ ನಗರದ ಮರಣಪಟ್ಟಿಗಳನ್ನು ವರ್ಷಗಟ್ಟಲೆ ಅಭ್ಯಸಿಸಿ ೧೬೬೨ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ನೂರು ಮಕ್ಕಳಲ್ಲಿ ಮೂವತ್ತಾರು ಮಂದಿ ಆರು ವರ್ಷ ತುಂಬುವ ಮೊದಲೇ ಸಾಯುವರೆಂದು ಅವನು ಅಂದಾಜು ಮಾಡಿದನು. ೧೮೫೪ರಲ್ಲಿ ಅದೇ ನಗರದಲ್ಲಿ ಕಾಲರಾ ಹರಡಿದಾಗ ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಅಧಿಕೃತ ಪಟ್ಟಿಯನ್ನು ತರಿಸಿಕೊಂಡು, ಯಾವ ಮನೆಯಲ್ಲಿ ಯಾರು ಸತ್ತರೆಂಬುದನ್ನು ವಿಚಾರಿಸುತ್ತ ಹೋದನು. ಸಾವುಗಳೆಲ್ಲ ಬ್ರಾಡ್ ಬೀದಿಯ ಒಂದು ನೀರಿನ ಪಂಪಿನ ಸುತ್ತಲೂ ನೆರೆದಿದ್ದವು. ಅವನ ಮಾತಿನಂತೆ ಆ ಪಂಪಿನ ಹಿಡಿಯನ್ನು ತೆಗೆಸಲಾಯಿತು. ಕಾಲರಾ ನೀರಿನಿಂದ ಬರುವದೆಂಬ ಸತ್ಯವು ಕೂಲಿಕಾರರ, ಕುಶಲಕರ್ಮಿಗಳ, ಅವರ ಮಕ್ಕಳ ಹೆಸರುಗಳುಳ್ಳ ಒಂದು ಪಟ್ಟಿಯಿಂದ ಹೊರಬಿದ್ದಿತು. ಆ ಹೆಸರುಗಳನ್ನು ಯಾರೂ ಬರೆಯದೆ ಹೋಗಿದ್ದರೆ?

ಅಮೆರಿಕೆಯ ನಡುನಾಡಿನಲ್ಲಿ ಅಯೋವಾ ಎಂಬ ಬೇಸಾಯದ ರಾಜ್ಯವಿದೆ. ಅದರಲ್ಲಿ ೯೯ ಕೌಂಟಿಗಳು, ಎಂದರೆ ನಮ್ಮ ತಾಲೂಕು ಜಿಲ್ಲೆಗಳಂತಹ ವಿಭಾಗಗಳಿವೆ. ಅಲ್ಲಿ ಕೌಂಟಿಯ ಕಚೇರಿಯ ಪುಸ್ತಕಗಳು, ಊರಿನ ವಾರಪತ್ರಿಕೆಯ ಮರಣವಾರ್ತೆ, ಸ್ಮಶಾನದ ಕಲ್ಲು, ಈ ಮೂರನ್ನು ಸೇರಿಸಿ ಒಬ್ಬ ಸಾಧಾರಣ ಜೋಳದ ಬೆಳೆಗಾರನ ಜೀವನವನ್ನು ಅವನ ಮರಿಮಕ್ಕಳು ತಿಳಿಯಬಲ್ಲರು. ಆದರೆ ಅಲ್ಲಿಯೂ ಇದು ಒಂದೇ ದಿನದಲ್ಲಿ ಆದದ್ದಲ್ಲ. ಆ ದೇಶದ ಎಲ್ಲ ರಾಜ್ಯಗಳೂ ಮರಣ ನೋಂದಣಿಯ ವ್ಯವಸ್ಥೆಗೆ ಸೇರಿದ್ದು ೧೯೩೩ರಲ್ಲಿ.

ನಮ್ಮ ದೇಶದಲ್ಲಿ ೧೮೮೬ರ ಕಾನೂನಿನ ಮೇರೆಗೆ ನೋಂದಣಿಯು ಇಷ್ಟವಿದ್ದವರಿಗೆ ಮಾತ್ರ ಇತ್ತು. ೧೯೬೯ರ ಜನನ ಮರಣ ನೋಂದಣಿ ಕಾಯಿದೆಯು ಅದನ್ನು ಎಲ್ಲರಿಗೂ ಕಡ್ಡಾಯಗೊಳಿಸಿತು. ಅದರ ಮುಖ್ಯ ನಿಯಮಗಳನ್ನು ಪಾಲಕರು ತಿಳಿದಿರಬೇಕು. ಹುಟ್ಟಾಗಲಿ ಸಾವಾಗಲಿ ಸಂಭವಿಸಿದ ೨೧ ದಿನಗಳೊಳಗೆ ತಿಳಿಸಬೇಕು. ಮನೆಯಲ್ಲಿ ಸಂಭವಿಸಿದರೆ ಮನೆಯ ಯಜಮಾನರು ತಿಳಿಸಬೇಕು. ಆಸ್ಪತ್ರೆಯಲ್ಲಾದರೆ ಅಲ್ಲಿಯ ಅಧಿಕಾರಿಗಳು. ತಡವಾದರೆ ಶುಲ್ಕವುಂಟು, ಒಂದು ವರ್ಷ ಮೀರಿದರೆ ದಂಡಾಧಿಕಾರಿಯ ಆದೇಶ ಬೇಕಾಗುವದು. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ನೋಂದಣಿಯು ಘಟನೆ ನಡೆದ ಸ್ಥಳದಲ್ಲಿ ಆಗತಕ್ಕದ್ದು, ಸ್ವಂತ ಊರಿನಲ್ಲಲ್ಲ. ಸೊಸೆಯು ಹೆರಿಗೆಗೆ ತವರಿಗೆ ಹೋದರೆ ಮಗುವಿನ ಹೆಸರು ತವರೂರಿನ ಪುಸ್ತಕದಲ್ಲಿರುವದು. ಪಾಲಮೂರು ಸೀಮೆಯಿಂದ ಮುಂಬಯಿ ಪುಣೆಗಳಿಗೆ ಕೂಲಿಗೆ ಹೋದವನು ಅಲ್ಲಿ ತೀರಿಕೊಂಡರೆ ಅಲ್ಲಿಯೇ ಬರೆಸಿ ಪ್ರಮಾಣಪತ್ರವನ್ನು ತರಬೇಕು. ದುಃಖದ ಭರದಲ್ಲಿ ದೇಹವನ್ನು ಮಾತ್ರ ತಂದು, ಕಾಗದವನ್ನು ಬಿಟ್ಟು ಬಂದ ಕುಟುಂಬವು ಮುಂದೆ ಬಹಳ ಕಷ್ಟಕ್ಕೊಳಗಾಗುವದು.

ಆ ಕಷ್ಟವಾದರೂ ಎಂತಹದು? ಮರಣಪತ್ರವಿಲ್ಲದೆ ಹೊಲವು ವಾರಸುದಾರರ ಹೆಸರಿಗೆ ಆಗುವದಿಲ್ಲ. ಬ್ಯಾಂಕಿನ ಹಣ ಕೈಗೆ ಬರುವದಿಲ್ಲ. ವಿಧವೆಗೆ ಪಿಂಚಣಿ ದೊರೆಯುವದಿಲ್ಲ. ತೆಲಂಗಾಣದಲ್ಲಿ ೨೦೧೮ರಲ್ಲಿ ಆರಂಭವಾದ ರೈತು ಬೀಮಾ ಯೋಜನೆಯು ೧೮ರಿಂದ ೫೯ ವರ್ಷದೊಳಗಿನ ರೈತನು ತೀರಿಕೊಂಡರೆ ಅವನು ಹೆಸರಿಸಿದವರಿಗೆ ೫ ಲಕ್ಷ ರೂಪಾಯಿಗಳನ್ನು ಕೊಡಲು ಏರ್ಪಟ್ಟದ್ದು. ಇದರಲ್ಲಿ ಎರಡು ಕಾಗದಗಳು ಕುಟುಂಬದ ಗತಿಯನ್ನು ನಿರ್ಣಯಿಸುತ್ತವೆ. ಸತ್ತದ್ದಕ್ಕೆ ಮರಣಪತ್ರ; ವಯಸ್ಸಿಗೆ ಆಧಾರಪತ್ರ. ದಾಖಲೆಯಲ್ಲಿ ವಯಸ್ಸನ್ನು ಅಂದಾಜಿನಿಂದ ಹತ್ತು ವರ್ಷ ಹೆಚ್ಚಾಗಿ ಬರೆಸಿದವನು, ಐವತ್ತರಲ್ಲಿ ಸತ್ತರೂ ಲೆಕ್ಕದಲ್ಲಿ ಅರವತ್ತರವನಾಗುವನು. ಅವನ ಹೆಂಡತಿ ಮಕ್ಕಳು ಬರಿಗೈಯಾಗುವರು.

ಇಲ್ಲಿ ಶಾಲೆಯ ವಿಷಯವಾಗಿಯೂ ಒಂದು ಮಾತು. ನಮ್ಮ ಕಡೆಯ ಹಿರಿಯರಲ್ಲಿ ಅನೇಕರ ಜನ್ಮದಿನವು ಜೂನ್ ೧ ಎಂದಿರುವದನ್ನು ನೋಡಿ ಮಕ್ಕಳು ನಗುವದುಂಟು. ಅಷ್ಟು ಮಂದಿ ಒಂದೇ ದಿನ ಹುಟ್ಟಿದವರಲ್ಲ. ಜನನಪತ್ರವಿಲ್ಲದ ಮಗುವನ್ನು ತಂದೆಯು ಶಾಲೆಗೆ ಕರೆತಂದಾಗ, ಮಗುವಿನ ಕೈ ತಲೆಯ ಮೇಲಿಂದ ಇನ್ನೊಂದು ಕಿವಿಗೆ ಮುಟ್ಟುವದೇ ಎಂದು ನೋಡಿ, ವಯಸ್ಸನ್ನು ಊಹಿಸಿ, ಶಾಲೆ ತೆರೆಯುವ ತಿಂಗಳ ಮೊದಲ ದಿನವನ್ನು ಬರೆದುಕೊಳ್ಳುವ ವಾಡಿಕೆ ಹಿಂದಿನ ಕಾಲದಲ್ಲಿತ್ತು. ಆ ತೇದಿಯೇ ಮುಂದೆ ನೌಕರಿಗೂ ನಿವೃತ್ತಿಗೂ ಆಧಾರವಾಯಿತು. ೨೦೨೩ರ ಅಕ್ಟೋಬರ್ ೧ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವದು ಮೊದಲಾದ ಕಾರ್ಯಗಳಲ್ಲಿ ಜನನ ಪ್ರಮಾಣಪತ್ರವೇ ಜನ್ಮದಿನಕ್ಕೆ ಆಧಾರವೆಂದು ಕಾನೂನು ಹೇಳುವದು. ಆದುದರಿಂದ ಮಗುವಿನ ಹೆಸರನ್ನೂ ತಂದೆತಾಯಿಗಳ ಹೆಸರನ್ನೂ ಅಕ್ಷರದೋಷವಿಲ್ಲದೆ ಬರೆಸುವದು ಪಾಲಕರ ಮೊದಲ ಕರ್ತವ್ಯ. ನಮ್ಮದು ಎರಡು ಲಿಪಿಗಳ ಸೀಮೆಯಾದ್ದರಿಂದ ಕನ್ನಡದಲ್ಲೊಂದು, ತೆಲುಗಿನಲ್ಲೊಂದು, ಇಂಗ್ಲೀಷಿನಲ್ಲೊಂದು ರೂಪವಾಗದಂತೆ ವಿಶೇಷ ಎಚ್ಚರ ಬೇಕು.

ಸರಕಾರದ ಪುಸ್ತಕವು ಹೆಸರು, ತೇದಿ, ಸ್ಥಳ, ಕಾರಣ ಇಷ್ಟನ್ನೇ ಹಿಡಿಯುವದು. ಆ ಮನುಷ್ಯನು ಎಂತಹ ಬಾಳನ್ನು ಬಾಳಿದನೆಂಬುದನ್ನು ಬರೆಯತಕ್ಕವರು ಮನೆಯವರೇ. ಆದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಸೂಚಿಸುತ್ತೇವೆ. ಈ ಬೇಸಿಗೆಯ ರಜೆಯಲ್ಲಿ ನೂರು ಪುಟಗಳ ಒಂದು ನೋಟು ಪುಸ್ತಕವನ್ನು ತೆಗೆದುಕೊಳ್ಳಿರಿ. ಮನೆಯ ಒಬ್ಬೊಬ್ಬರಿಗೆ ಒಂದೊಂದು ಪುಟವನ್ನು ಮೀಸಲಿಡಿರಿ. ಅಜ್ಜ ಅಜ್ಜಿಯರ ಬಳಿ ಕುಳಿತು ಅವರ ತಂದೆತಾಯಿಗಳ ಹೆಸರು, ಊರು, ಮಾಡುತ್ತಿದ್ದ ಕೆಲಸ, ತೀರಿಕೊಂಡ ಕಾಲ, ಕಾರಣ ಇವನ್ನು ಕೇಳಿ ಬರೆಯಿರಿ. ವರ್ಷ ನೆನಪಿಲ್ಲವೆಂದರೆ ಬಿಡಬೇಡಿರಿ. ಪೊಲೀಸ್ ಕಾರ್ಯಾಚರಣೆಗಿಂತ ಮೊದಲೋ ಆಮೇಲೋ ಎಂದು ಕೇಳಿರಿ; ಅದು ೧೯೪೮ರ ಸೆಪ್ಟೆಂಬರ್. ರಾಯಚೂರು ಜಿಲ್ಲೆಯಿಂದ ಬೇರೆಯಾದ ಮೇಲೋ ಎಂದು ಕೇಳಿರಿ, ಅದು ೧೯೫೬. ಕೃಷ್ಣೆ ತುಂಗಭದ್ರೆಯರು ಉಕ್ಕಿ ಆಲಂಪುರ ಕರ್ನೂಲುಗಳನ್ನು ಮುಳುಗಿಸಿದ ಮಹಾಪೂರಕ್ಕೆ ಹಿಂದೋ ಮುಂದೋ ಎಂದು ಕೇಳಿರಿ. ಅದು ೨೦೦೯ರ ಅಕ್ಟೋಬರ್. ಕೊರೋನಾ ರೋಗದ ಕಾಲವೋ ಎಂದು ಕೇಳಿರಿ. ಅದು ೨೦೨೦, ೨೦೨೧.

ಬರೆಯುವಾಗ ಮೂರು ವರ್ಗದವರನ್ನು ಮರೆಯಬಾರದು. ಮೊದಲನೆಯದಾಗಿ ಹೆಂಗಸರು: ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆದು ಬಿಡದೆ, ಅವರ ಹೆಸರನ್ನೂ ತವರೂರನ್ನೂ ಬರೆಯಿರಿ. ಎರಡನೆಯದಾಗಿ ಎಳೆತನದಲ್ಲಿ ತೀರಿಹೋದ ಮಕ್ಕಳು: ನಿಮ್ಮ ಅಜ್ಜಿಗೆ ಎಷ್ಟು ಮಕ್ಕಳೆಂದು ಕೇಳಿದರೆ ಉಳಿದವರನ್ನಷ್ಟೇ ಹೇಳಿಯಾರು, ಹೋದವರನ್ನೂ ಮೆಲ್ಲಗೆ ಕೇಳಿರಿ. ಮೂರನೆಯದಾಗಿ ಮನೆಯಲ್ಲಿ ದುಡಿದ ಜೀತದವರು, ದನ ಕಾಯ್ದವರು, ಸೂಲಗಿತ್ತಿಯರು: ನಿಮ್ಮ ಮನೆತನವು ಉಳಿದು ಬಂದದ್ದು ಅವರ ಕೈಗಳಿಂದಲೂ ಅಹುದು.

ಸೂರ್ಯ ಚಂದ್ರರಿರುವವರೆಗೆ ಎಂದು ಕಲ್ಲಿನಲ್ಲಿ ಕೊರೆಯಿಸುವ ಅನುಕೂಲವು ಎಲ್ಲರಿಗೂ ಇರುವದಿಲ್ಲ. ಆದರೆ ಒಂದು ನೋಟು ಪುಸ್ತಕ, ಒಂದು ಲೇಖನಿ, ಕೇಳುವ ತಾಳ್ಮೆ ಇವು ಎಲ್ಲರಿಗೂ ಸಾಧ್ಯ. ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಈ ಕೆಲಸಕ್ಕೆ ಕೈಹಚ್ಚಬೇಕೆಂದು ನಾವು ವಿದ್ಯಾರ್ಥಿಗಳಲ್ಲಿಯೂ, ೨೧ ದಿನಗಳ ನಿಯಮವನ್ನು ಮರೆಯಬಾರದೆಂದು ಪಾಲಕರಲ್ಲಿಯೂ ವಿನಂತಿಸಿಕೊಳ್ಳುತ್ತೇವೆ.