ಕಡಲೇ ನುಡಿಸುವ ವಾದ್ಯ

ಎರಡನೆಯ ಮಹಾಯುದ್ಧದ ಬಾಂಬುದಾಳಿಗೆ ತುತ್ತಾದ ಕ್ರೊಯೇಷಿಯಾದ ಜಾದರ್ ನಗರವನ್ನು ಮರಳಿ ಕಟ್ಟುವ ಅವಸರದಲ್ಲಿ, ಅದರ ಕಡಲಂಚು ಬರಿಯ ಕಾಂಕ್ರೀಟ್ ಗೋಡೆಯಾಯಿತು. 2005ರಲ್ಲಿ ವಾಸ್ತುಶಿಲ್ಪಿ ನಿಕೊಲಾ ಬಾಶಿಚ್ ಅವರು ಅಲ್ಲಿ ನೀರಿನವರೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳನ್ನು ರಚಿಸಿ, ಅವುಗಳ ಅಡಿಯಲ್ಲಿ 35 ಕೊಳವೆಗಳನ್ನು ಅಳವಡಿಸಿದರು. ಅಲೆಯು ಕೊಳವೆಯೊಳಕ್ಕೆ ನುಗ್ಗಿದೊಡನೆ ಒಳಗಿನ ಗಾಳಿಯು ಒತ್ತಡಕ್ಕೊಳಗಾಗಿ, ಕೊಳಲಿನಲ್ಲಿ ಉಸಿರು ಹಾಯುವಂತೆ ಕಿರಿದಾದ ಸೀಳುಗಳಲ್ಲಿ ಹಾಯ್ದು, ಮೇಲಿನ ರಂಧ್ರಗಳಿಂದ ನಾದವಾಗಿ ಹೊಮ್ಮುತ್ತದೆ. ಅಲೆಯ ಗಾತ್ರ, ವೇಗಗಳಿಗನುಸಾರವಾಗಿ ನಾದವೂ ಬದಲಾಗುತ್ತದೆ.

ಇದನ್ನು ಸವಿಯಲು ಸಂಗೀತಜ್ಞಾನ ಬೇಕಿಲ್ಲ. ಕಣ್ಣಿನ ನೆರವೂ ಬೇಕಿಲ್ಲ. ಅಂಧರೂ ಮೆಟ್ಟಿಲ ಮೇಲೆ ಕುಳಿತು, ಕಾಲನ್ನು ನೀರಿಗೆ ಇಳಿಬಿಟ್ಟು, ಅಲೆಯ ಸ್ಪರ್ಶವನ್ನೂ ಅದರ ದನಿಯನ್ನೂ ಒಟ್ಟಿಗೆ ಅನುಭವಿಸಬಹುದು. ಗೋಡೆಯಾಚೆ ಉಳಿದಿದ್ದ ಕಡಲನ್ನು ಊರಿನ ಜನರಿಗೆ ಮರಳಿ ದೊರಕಿಸಿದುದೇ ಈ ಕೃತಿಯ ಹಿರಿಮೆ. ಕಡಲತಡಿಯ ಮಹಾನಗರಗಳಲ್ಲಿ ನೆಲೆಸಿರುವ ನಾವು ಇದನ್ನು ಮನಗಾಣುವುದು ಲೇಸು.