ಪಡಿತರ ಚೀಟಿಯಲ್ಲಿ ಯಜಮಾನಿ, ಮನೆಯಲ್ಲಿ ಅಪ್ಪಣೆಗೆ ಕಾಯುವವಳು

ಹಾಸನ: ತವರಿಗೆ ಹೊರಡಲು ಅತ್ತೆಯ ಅಪ್ಪಣೆ, ಸ್ವಸಹಾಯ ಸಂಘದ ಸಭೆಗೆ ಗಂಡನ ಒಪ್ಪಿಗೆ, ಊಟ ಎಲ್ಲರದೂ ಮುಗಿದ ಮೇಲೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಗೃಹಿಣಿ ಪಾಲಿಸುವ ಈ ಶಿಸ್ತು ಯಾವ ಕಾನೂನಿನಲ್ಲಿಯೂ ಇಲ್ಲ. ‘ನಾಲ್ಕು ಜನ ಏನೆಂದಾರು’ ಎಂಬ ಅಂಜಿಕೆಯೇ ಅದನ್ನು ಕಾಯುತ್ತಿದೆ.

ಕಾನೂನು ಹೇಳುವುದು ಬೇರೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಕಲಮಿನಂತೆ, ಪಡಿತರ ಚೀಟಿಯ ಮಟ್ಟಿಗೆ 18 ವರ್ಷ ತುಂಬಿದ ಮಹಿಳೆಯರಲ್ಲಿ ಹಿರಿಯಳೇ ಕುಟುಂಬದ ಮುಖ್ಯಸ್ಥೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯೂ ಚೀಟಿಯಲ್ಲಿರುವ ಯಜಮಾನಿಗೇ ಮಾಸಿಕ 2,000 ರೂಪಾಯಿ ನಿಗದಿಪಡಿಸಿತು. ಆದರೆ ಅತ್ತೆ, ಸೊಸೆ ಒಂದೇ ಚೀಟಿಯಲ್ಲಿದ್ದರೆ ಹಣ ಸೇರುವುದು ಅತ್ತೆಯ ಖಾತೆಗೆ. ಹೆಚ್ಚು ದುಡಿಯುವ ಸೊಸೆ ಅಲ್ಲಿಯೂ ಕೇಳಿ ಪಡೆಯುವವಳೇ.

ಲೆಕ್ಕಕ್ಕಿಲ್ಲದ ದುಡಿಮೆ

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಮಹಿಳೆ ಸಂಬಳವಿಲ್ಲದೆ ದಿನಕ್ಕೆ 289 ನಿಮಿಷ ದುಡಿಯುತ್ತಾಳೆ. ಪುರುಷ 88 ನಿಮಿಷ. ಜನಗಣತಿಯಲ್ಲಿ ಗೃಹಿಣಿಯರನ್ನು ದುಡಿಯದವರ ಪಟ್ಟಿಗೆ ಸೇರಿಸಿದ್ದನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಕಟುವಾಗಿ ಟೀಕಿಸಿತು. 2021ರ ಜನವರಿಯಲ್ಲಿ, ಅಪಘಾತ ಪರಿಹಾರಕ್ಕಾಗಿ ಗೃಹಿಣಿಗೂ ಆದಾಯ ನಿಗದಿ ಮಾಡಬೇಕೆಂದು ಪುನರುಚ್ಚರಿಸಿತು. ಬದುಕಿರುವಾಗ ಲೆಕ್ಕಕ್ಕೆ ಬಾರದ ದುಡಿಮೆಗೆ ಸತ್ತ ಮೇಲೆ ಬೆಲೆ ಕಟ್ಟಲಾಗುತ್ತಿದೆ.

ಶಿಸ್ತು ಉಳಿಯುವುದು ಹೇಗೆ?

ಅಪ್ಪಣೆಗೆ ಕಾದ ಸೊಸೆಯೇ ಮುಂದೆ ಅಪ್ಪಣೆ ಕೊಡುವ ಅತ್ತೆಯಾಗುತ್ತಾಳೆ. ಮುನಿಸಿಕೊಂಡು ಬಂದ ಮಗಳನ್ನು ತವರು ‘ಹೊಂದಿಕೊಂಡು ಹೋಗಮ್ಮ’ ಎಂದು ಮರಳಿ ಕಳುಹಿಸುತ್ತದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಲೇಖಕಿ ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕಥೆಯ ನಾಯಕಿಗೆ ಎದುರಾಗುವುದೂ ಇದೇ. ಮಸೀದಿ ಪ್ರವೇಶಕ್ಕೆ ಮಹಿಳೆಯರಿಗಿರುವ ಹಕ್ಕಿನ ಪರ ಮಾತನಾಡಿದ್ದಕ್ಕೆ 2000ದಲ್ಲಿ ಸ್ವತಃ ಲೇಖಕಿಯೇ ಸಾಮಾಜಿಕ ಬಹಿಷ್ಕಾರ ಎದುರಿಸಿದ್ದರು. ಮಾತು ಬೇರೆಯಾದರೂ ಮಗಳಿಗೆ ಹೇಳುವ ಬುದ್ಧಿವಾದ ಎಲ್ಲ ಸಮುದಾಯಗಳಲ್ಲಿಯೂ ಒಂದೇ.

ಪರಿಹಾರವೇನು?

ಹೊಂದಾಣಿಕೆಯ ಹೆಸರಿನಲ್ಲಿ ಹಿಂಸೆ ಸಹಿಸಬೇಕಿಲ್ಲ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಬೈಗುಳ, ಅವಮಾನ, ಮನೆಖರ್ಚಿಗೆ ಹಣ ನೀಡದಿರುವುದನ್ನೂ ದೌರ್ಜನ್ಯವೆಂದೇ ಪರಿಗಣಿಸುತ್ತದೆ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಆಕೆಗಿದೆ. ತಾಲ್ಲೂಕು ಕೇಂದ್ರದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಇಲ್ಲವೇ ಮಹಿಳಾ ಸಹಾಯವಾಣಿ 181ಕ್ಕೆ ದೂರು ನೀಡಬಹುದು. ದೂರು ನೀಡಲು ಯಾರ ಅಪ್ಪಣೆಯೂ ಬೇಕಿಲ್ಲ.