ಒಂದೇ ಗಣಕ, ಎರಡು ವ್ಯವಸ್ಥೆ: ಹಳೆಯ ಲ್ಯಾಪ್‌ಟಾಪಿಗೆ ಹೊಸ ಬಾಳು

ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು ಎನ್ನುತ್ತಾರೆ. ಆದರೆ ಒಂದೇ ಗಣಕಯಂತ್ರದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳು ಜಗಳವಿಲ್ಲದೆ ಇರಬಲ್ಲವು. ಯಂತ್ರಕ್ಕೆ ಜೀವ ಕೊಟ್ಟಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಈ ಏರ್ಪಾಡಿಗೆ 'ಡ್ಯುಯಲ್ ಬೂಟ್' ಎಂದು ಹೆಸರು.

ಈ ವಿಷಯ ಈಗ ನಮ್ಮ ಮನೆಗಳಿಗೂ ಬಂದಿದೆ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ ಹಾಕೋಣವೆಂದರೆ ಅದು ಟಿಪಿಎಂ ೨.೦ ಎಂಬ ಭದ್ರತಾ ಘಟಕವನ್ನೂ ಸಾಕಷ್ಟು ಹೊಸ ಪ್ರೊಸೆಸರನ್ನೂ ಕೇಳುತ್ತದೆ. ಹೀಗಾಗಿ ಚೆನ್ನಾಗಿಯೇ ಓಡುವ ಎಷ್ಟೋ ಲ್ಯಾಪ್‌ಟಾಪ್‌ಗಳು ಅಟ್ಟ ಸೇರುತ್ತಿವೆ. ಇವುಗಳಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿದರೆ ಇನ್ನೂ ಕೆಲವು ವರ್ಷ ನಿಶ್ಚಿಂತೆಯಿಂದ ಬಳಸಬಹುದು. ಎರಡೂ ಉಚಿತ, ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ತಿರುಳಿನ ಮೇಲೆ ನಿಂತವು.

ಹಾಗಾದರೆ ವಿಂಡೋಸನ್ನು ಪೂರ್ತಿ ಅಳಿಸಿಬಿಡಬಾರದೇಕೆ?

ಕನ್ನಡಿಗರಿಗೆ ಇಲ್ಲೊಂದು ವಿಶೇಷ ಕಾರಣವಿದೆ. ೧೯೯೮ರಲ್ಲಿ ಬಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವೆರಡೂ ವಿಂಡೋಸ್ ತಂತ್ರಾಂಶಗಳು. ಯೂನಿಕೋಡ್ ಬಳಕೆಗೆ ಬರುವ ಮೊದಲು ಇವುಗಳಲ್ಲಿ ಬೆರಳಚ್ಚು ಮಾಡಿದ ಕಡತಗಳಲ್ಲಿ ಕನ್ನಡದ ಅಕ್ಷರ ಕೂತಿರುವುದು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ. ಸರಿಯಾದ ಫಾಂಟ್ ಇಲ್ಲದಿದ್ದರೆ ತೆರೆಯ ಮೇಲೆ ಕಾಣುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಅಜ್ಜ ಬರೆದ ವಂಶಾವಳಿ, ಅಮ್ಮನ ಹಾಡುಗಳ ಸಂಗ್ರಹ, ಸಂಘದ ಹಳೆಯ ನಾಟಕದ ಪ್ರತಿ ಹೀಗೆ ಸಿಕ್ಕಿಕೊಂಡಿರಬಹುದು. ಅವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವವರೆಗೆ ಹಳೆಯ ವಿಂಡೋಸ್ ಉಳಿದಿರಲಿ. ಅಲ್ಲಿರುವಾಗ ವೈಫೈ ಆರಿಸಿಡಿ; ಬ್ಯಾಂಕು, ಇ-ಮೇಲ್ ಮೊದಲಾದ ಅಂತರಜಾಲದ ಕೆಲಸಕ್ಕೆ ಲಿನಕ್ಸ್ ಬಳಸಿ.

ಒಳಗೆ ನಡೆಯುವುದೇನು?

ಗುಂಡಿ ಒತ್ತಿದೊಡನೆ ಮೊದಲು ಏಳುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನಲ್ಲಿರುವ ಯುಇಎಫ್‌ಐ ಎಂಬ ಸಣ್ಣ ತಂತ್ರಾಂಶ. (ಇನ್ನೂ ಹಳೆಯ ಯಂತ್ರಗಳಲ್ಲಿ ಅದರ ಜಾಗದಲ್ಲಿ ಬಯಾಸ್ ಇರುತ್ತದೆ.) ಅದು ಡಿಸ್ಕಿನ ಒಂದು ಪುಟ್ಟ ಭಾಗದಲ್ಲಿರುವ 'ಬೂಟ್ ಲೋಡರ್' ಅನ್ನು ಹುಡುಕಿ ಕೆಲಸ ಒಪ್ಪಿಸುತ್ತದೆ. ಲಿನಕ್ಸ್ ಅನುಸ್ಥಾಪನೆಯಾದಾಗ 'ಗ್ರಬ್' ಎಂಬ ಬೂಟ್ ಲೋಡರ್ ಬಂದು ಕೂರುತ್ತದೆ. "ಯಾರನ್ನು ಕರೆಯಲಿ?" ಎಂದು ನಿಮ್ಮನ್ನು ಕೇಳುವ ಬಾಗಿಲು ಕಾಯುವವನು ಇವನೇ.

ಇನ್ನು ಡಿಸ್ಕು. ಅಣ್ಣತಮ್ಮಂದಿರು ಜಮೀನು ಹಿಸ್ಸೆ ಮಾಡಿಕೊಂಡಂತೆ ಅದನ್ನು ಭಾಗ ಮಾಡಬೇಕು. ಎಲ್ಲಿಂದ ಎಲ್ಲಿಯವರೆಗೆ ಯಾರ ಪಾಲು ಎಂದು ಬರೆದಿಟ್ಟ ಪಾಲುಪಟ್ಟಿಯೇ 'ಪಾರ್ಟಿಷನ್ ಟೇಬಲ್'. ಹಳೆಯ ಎಂಬಿಆರ್ ಪದ್ಧತಿಯಲ್ಲಿ ನಾಲ್ಕೇ ಮುಖ್ಯ ಪಾಲುಗಳು. ಹೊಸ ಜಿಪಿಟಿ ಪದ್ಧತಿಯಲ್ಲಿ ಈ ಇಕ್ಕಟ್ಟಿಲ್ಲ. ಪಾಲುಪಟ್ಟಿ ಕೆಟ್ಟರೆ ಜಮೀನು ಅಲ್ಲೇ ಇದ್ದರೂ ಗಡಿ ಗೊತ್ತಾಗದು. ಎಚ್ಚರಿಕೆ ಬೇಕಿರುವುದು ಇಲ್ಲೇ.

ಮೊದಲ ನಾಲ್ಕು ಸಿದ್ಧತೆಗಳು

೧. ಫೋಟೋ, ದಾಖಲೆ, ಕನ್ನಡ ಕಡತ ಎಲ್ಲವನ್ನೂ ಬೇರೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಇನ್ನೊಂದು ಗಣಕದಲ್ಲಿ ತೆರೆದು ನೋಡಿ. ತೆರೆದು ನೋಡದ ನಕಲನ್ನು ನಂಬುವಂತಿಲ್ಲ.

೨. ಡಿಸ್ಕು ಬಿಟ್‌ಲಾಕರ್‌ನಿಂದ ಗೂಢಲಿಪೀಕರಣಗೊಂಡಿದೆಯೇ ಪರೀಕ್ಷಿಸಿ. ಹಾಗಿದ್ದರೆ ಬೂಟ್ ಕ್ರಮ ಬದಲಾದೊಡನೆ ವಿಂಡೋಸ್ ೪೮ ಅಂಕಿಗಳ ಕೀಲಿಯನ್ನು ಕೇಳಬಹುದು. ಆ ಕೀಲಿ ಇಲ್ಲದಿದ್ದರೆ ಒಳಗಿರುವುದೆಲ್ಲ ಕೈತಪ್ಪಿದಂತೆಯೇ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಗೂಢಲಿಪೀಕರಣವನ್ನು ತೆಗೆದ ನಂತರವೇ ಮುಂದುವರಿಯಿರಿ.

೩. ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಆರಿಸಿ. ಅದು ಇದ್ದರೆ ಯಂತ್ರ ನಿಂತಂತೆ ಕಂಡರೂ ವಿಂಡೋಸ್ ಅರೆನಿದ್ರೆಯಲ್ಲೇ ಇರುತ್ತದೆ. ಆಗ ಲಿನಕ್ಸಿನಿಂದ ಅದರ ಪಾಲಿನಲ್ಲಿ ಏನಾದರೂ ಬರೆದರೆ ಕಡತಗಳು ಕೆಡಬಹುದು.

೪. ವಿಂಡೋಸಿನದೇ 'ಡಿಸ್ಕ್ ಮ್ಯಾನೇಜ್‌ಮೆಂಟ್' ಬಳಸಿ ಸಿ ಡ್ರೈವನ್ನು ಕುಗ್ಗಿಸಿ ಜಾಗ ಬಿಡಿಸಿ. ಉಬುಂಟುವಿಗೆ ೨೫ ಗಿಗಾಬೈಟ್ ಸಾಕೆನ್ನುತ್ತಾರೆ. ೬೦ರಿಂದ ೧೦೦ ಬಿಟ್ಟರೆ ಕೈಕಾಲು ಚಾಚಲು ಜಾಗ.

ಅನುಸ್ಥಾಪನೆ

ಉಬುಂಟು ಅಥವಾ ಮಿಂಟಿನ ಅಧಿಕೃತ ತಾಣದಿಂದ ಐಎಸ್‌ಒ ಕಡತ ಇಳಿಸಿಕೊಂಡು, ರೂಫಸ್‌ನಂಥ ತಂತ್ರಾಂಶದಿಂದ ೮ ಗಿಗಾಬೈಟಿನ ಪೆನ್‌ಡ್ರೈವಿಗೆ ಬರೆಯಿರಿ. ಆ ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಅದರಿಂದಲೇ ಗಣಕವನ್ನು ಬೂಟ್ ಮಾಡಿದರೆ, ಏನನ್ನೂ ಅನುಸ್ಥಾಪಿಸದೆ ಲಿನಕ್ಸನ್ನು ಬಳಸಿ ನೋಡಬಹುದು. ವೈಫೈ, ಧ್ವನಿ, ಕ್ಯಾಮೆರಾ ಸರಿಯಿವೆಯೇ ಎಂದು ಆಗಲೇ ಪರೀಕ್ಷಿಸಿ. ತೃಪ್ತಿಯಾದರೆ ಮಾತ್ರ ಮುಂದಿನ ಹೆಜ್ಜೆ.

ಅನುಸ್ಥಾಪಕ ಒಂದು ಹಂತದಲ್ಲಿ ಎರಡು ದಾರಿ ತೋರಿಸುತ್ತದೆ: ವಿಂಡೋಸ್ ಪಕ್ಕದಲ್ಲಿ ಹಾಕು, ಇಲ್ಲವೇ ಡಿಸ್ಕನ್ನು ಪೂರ್ತಿ ಅಳಿಸಿ ಹಾಕು. ಮೊದಲನೆಯದೇ ನಮ್ಮ ದಾರಿ. ಅದು ಕಾಣಿಸದಿದ್ದರೆ ಬಲವಂತ ಬೇಡ, ಅಲ್ಲೇ ನಿಲ್ಲಿಸಿ. ಅನೇಕ ಸಲ ವಿಂಡೋಸ್ ಒಂದು ಪದ್ಧತಿಯಲ್ಲಿ (ಯುಇಎಫ್‌ಐ), ಪೆನ್‌ಡ್ರೈವ್ ಇನ್ನೊಂದರಲ್ಲಿ (ಬಯಾಸ್) ಬೂಟ್ ಆಗಿರುತ್ತದೆ. ಎರಡೂ ಒಂದೇ ಪದ್ಧತಿಯಲ್ಲಿರಬೇಕು.

ನಂತರದ ಸಣ್ಣ ಕಿರಿಕಿರಿಗಳು

ಗಡಿಯಾರ ನಾಲ್ಕೈದು ಗಂಟೆ ತಪ್ಪು ತೋರಿಸಿದರೆ ಗಾಬರಿ ಬೇಡ. ವಿಂಡೋಸ್ ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯವೆಂದು ಓದುತ್ತದೆ, ಲಿನಕ್ಸ್ ಜಾಗತಿಕ ಸಮಯವೆಂದು. ನ್ಯೂಯಾರ್ಕಿನಲ್ಲಿ ಈ ಅಂತರ ಚಳಿಗಾಲದಲ್ಲಿ ೫ ಗಂಟೆ, ಬೇಸಿಗೆಯಲ್ಲಿ ೪. ಸ್ಥಳೀಯ ಸಮಯವನ್ನೇ ಬಳಸುವಂತೆ ಲಿನಕ್ಸಿಗೆ ಒಮ್ಮೆ ಆದೇಶ ಕೊಟ್ಟರಾಯಿತು. ಎಂದಾದರೂ ಗ್ರಬ್ ಮಾಯವಾಗಿ ನೇರವಾಗಿ ವಿಂಡೋಸೇ ತೆರೆದುಕೊಂಡರೆ, ಯುಇಎಫ್‌ಐ ಪಟ್ಟಿಗೆ ಹೋಗಿ ಬೂಟ್ ಸರದಿಯಲ್ಲಿ ಲಿನಕ್ಸನ್ನು ಮತ್ತೆ ಮೇಲಕ್ಕೆ ತನ್ನಿ.

ಕನ್ನಡದ ಮಟ್ಟಿಗೆ ಚಿಂತೆಯಿಲ್ಲ. ಲೋಹಿತ್, ನೋಟೊ, ಗುಬ್ಬಿ, ನವಿಲು ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ. ಐಬಸ್ ಮೂಲಕ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನಾಗಲಿ, 'ನುಡಿ'ಯಿಂದ ನಿಮಗೆ ಪರಿಚಿತವಾದ ಕೆಜಿಪಿ ಕೀಲಿಮಣೆಯನ್ನಾಗಲಿ ಆರಿಸಿಕೊಳ್ಳಬಹುದು.

ಎಲ್ಲರಿಗೂ ಇದು ಬೇಕೆಂದಿಲ್ಲ. ಆಪಲ್‌ನ ಎಂ೧ ಹಾಗೂ ನಂತರದ ಮ್ಯಾಕ್‌ಗಳಿಗೆ ಈ ವಿಧಾನ ಅನ್ವಯಿಸುವುದಿಲ್ಲ. ಕಚೇರಿಯವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಇಂಥ ಪ್ರಯೋಗ ಸಲ್ಲದು. ಆದರೆ ಮೂಲೆ ಸೇರಿದ ಸ್ವಂತ ಯಂತ್ರವೊಂದಿದ್ದರೆ, ಒಂದು ಶನಿವಾರ ಮಧ್ಯಾಹ್ನ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸಕ್ಕೆ ಕೈಹಾಕಿ. ಗಣಕ ಹೇಗೆ ಏಳುತ್ತದೆ ಎಂಬುದನ್ನು ಅವರು ಕಲಿಯುತ್ತಾರೆ. ಹಳೆಯ ಕಡತಗಳನ್ನು ಒಂದೊಂದಾಗಿ ಯೂನಿಕೋಡಿಗೆ ತರುವ ಕೆಲಸವೂ ಅಂದೇ ಆರಂಭವಾಗಲಿ. ಯಂತ್ರಗಳು ಮತ್ತೆ ಸಿಗುತ್ತವೆ. ಅಜ್ಜನ ವಂಶಾವಳಿಗೆ ಎರಡನೆಯ ಪ್ರತಿ ಇಲ್ಲದಿರಬಹುದು.